ಅಂಚೆಮನೆಯ ತೆರೆದ ಬಾಗಿಲು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಎಂಬ ಪ್ರಾಚೀನವಾದ ಊರೊಂದಿದೆ. ಇಂದು ಅದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲಿನ ಹೊಲಗಳಲ್ಲಿ ಅರಿಸಿನ ಬೆಳೆಯುವ ಸೀಮೆ. ಹದಿನೈದನೆಯ ಶತಮಾನದಲ್ಲಿ 'ಸನತ್ಕುಮಾರ ಚರಿತೆ'ಯನ್ನು ರಚಿಸಿದ ಜೈನಕವಿ ಬೊಮ್ಮರಸ ಈ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಂಡೇ ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದ್ದಾನೆ. ಇದೇ ಸೀಮೆಯಲ್ಲಿ, ಗುಂಡ್ಲುಪೇಟೆಯಿಂದ ಆಚೆಗೆ, ಹಂಗಳವೆಂಬ ಗ್ರಾಮವಿದೆ. ಮುಂದೆ ಮೈಸೂರಿನ ಸಿಂಹಾಸನವನ್ನೇರಿ 1673ರಿಂದ 1704ರವರೆಗೆ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯನು ತನ್ನ ಯೌವನದ ದಿನಗಳನ್ನು ಕಳೆದದ್ದು ಆ ಹಂಗಳದಲ್ಲಿ. ಮೈಸೂರು ರಾಜ್ಯದಲ್ಲಿ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದವನೆಂಬ ಕೀರ್ತಿ ಅವನದೇ. 'ಮೈಸೂರು ಅಂಚೆ' ಎಂದು ಹೆಸರಾದ ಆ ವ್ಯವಸ್ಥೆ ಎರಡು ಶತಮಾನಗಳ ಕಾಲ ನಡೆದು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಲೀನವಾಯಿತು.

ಅಂಚೆ ಎಂಬ ಶಬ್ದವೇ ಕುತೂಹಲಕರವಾದದ್ದು. ಹಳಗನ್ನಡದಲ್ಲಿ 'ಹಂಸ' ಶಬ್ದದ ತದ್ಭವವೂ 'ಅಂಚೆ' ಎಂದೇ ಇದೆ. ಸಂದೇಶವನ್ನು ಹೊತ್ತು ಹಾರುವ ಹಂಸವನ್ನು ಕಾವ್ಯಗಳಲ್ಲಿ ಕಂಡವರಿಗೆ, ಓಲೆ ಒಯ್ಯುವ ಕೆಲಸಕ್ಕೂ ಅದೇ ಹೆಸರಿರುವುದು ಸೊಗಸಾಗಿ ತೋರಬಹುದು. ಆದರೆ ಅರಸನ ಅಂಚೆ ಹಾರುತ್ತಿರಲಿಲ್ಲ, ಓಡುತ್ತಿತ್ತು. ಒಬ್ಬ ಓಟಗಾರ ತನ್ನ ಪಾಲಿನ ದಾರಿಯನ್ನು ಓಡಿ, ಚೀಲವನ್ನು ಮುಂದಿನ ಕಟ್ಟೆಯಲ್ಲಿ ಕಾದಿರುವವನ ಕೈಗೆ ಕೊಡುತ್ತಿದ್ದ. ಅವನು ಅದನ್ನು ಹೊತ್ತು ಮತ್ತೊಂದು ಕಟ್ಟೆಗೆ ಓಡುತ್ತಿದ್ದ. ಹೀಗೆ ಕೈಯಿಂದ ಕೈಗೆ ದಾಟಿಸುವುದಕ್ಕೆ ಇಂಗ್ಲಿಷಿನಲ್ಲಿ 'ರಿಲೇ' ಎಂದು ಹೆಸರು. ಶಾಲೆಯ ಕ್ರೀಡಾಕೂಟದಲ್ಲಿ ಕೋಲು ದಾಟಿಸಿ ಓಡುವ ಸ್ಪರ್ಧೆಯ ಹೆಸರೂ ಅದೇ. ಅರಸನ ಅಂಚೆಯವರಿಗೆ ಇನ್ನೊಂದು ಕೆಲಸವೂ ಇತ್ತೆಂದು ಇತಿಹಾಸಕಾರರು ಹೇಳುತ್ತಾರೆ: ಊರೂರುಗಳ ಗುಟ್ಟಿನ ಸಮಾಚಾರವನ್ನು ಅರಸನ ಕಿವಿಗೆ ಮುಟ್ಟಿಸುವುದು. ದಾಟಿಸುವವನು ನಂಬಿಕೆಗೆ ಅರ್ಹನೇ ಎಂಬ ಪ್ರಶ್ನೆ ಅಂಚೆಯಷ್ಟೇ ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ.

ಈ ಕಾಲದ ಅಂಚೆ ತಂತಿಯಲ್ಲಿಯೂ ಗಾಳಿಯಲ್ಲಿಯೂ ಹರಿಯುತ್ತದೆ. ಇ-ಮೇಲ್ ಅಥವಾ ಮಿಂಚಂಚೆ ಎಂದು ಕರೆಯುವ ಈ ಪತ್ರವ್ಯವಹಾರ, ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಜಾಲದ ಮೂಲಕ ನಡೆಯತೊಡಗಿದ್ದು 1971ರಲ್ಲಿ. ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞ ಆ ವರ್ಷ ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ 'ಅಟ್' ಚಿಹ್ನೆಯನ್ನು ಇರಿಸಿದ. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿತ್ತು. ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಮಿಂಚಂಚೆಗೂ ಅಂಚೆಮನೆಗಳುಂಟು. ಅವುಗಳಿಗೆ ಮೇಲ್ ಸರ್ವರ್ ಎಂದು ಹೆಸರು. ಪತ್ರ ಬರೆದವನ ಯಂತ್ರ ಅದನ್ನು ತನ್ನ ಮೇಲ್ ಸರ್ವರಿಗೆ ಒಪ್ಪಿಸುತ್ತದೆ. ಆ ಸರ್ವರು ಪಡೆಯುವವನ ಸರ್ವರನ್ನು ಹುಡುಕಿ ಅದಕ್ಕೆ ದಾಟಿಸುತ್ತದೆ. ಅಲ್ಲಿಂದ ಪತ್ರ ಅವನ ಪೆಟ್ಟಿಗೆಯನ್ನು ಸೇರುತ್ತದೆ. ಸರ್ವರುಗಳು ಪರಸ್ಪರ ಮಾತನಾಡುವ ಭಾಷೆಯೊಂದನ್ನು 1982ರ ಆಗಸ್ಟ್ ತಿಂಗಳಿನಲ್ಲಿ ಜೊನಾಥನ್ ಪೋಸ್ಟೆಲ್ ಎಂಬ ವಿದ್ವಾಂಸ ಬರೆದು ಪ್ರಕಟಿಸಿದ. ಎಸ್‌ಎಂಟಿಪಿ ಎಂಬ ಆ ನಿಯಮಾವಳಿ ಹಲವು ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಹೆಸರಿಗೆ ತಕ್ಕಂತೆ ಅದು ಸರಳವಾದದ್ದು. ಯಂತ್ರಗಳಾಡುವ ಮಾತನ್ನು ಮನುಷ್ಯನೇ ಕೀಲಿಮಣೆಯಲ್ಲಿ ಒತ್ತಿ ಆಡಬಹುದಾದಷ್ಟು ಸರಳ. ಮುಂದೆ ಹೇಳುವ ಪರೀಕ್ಷೆಗೆ ಈ ಸರಳತೆಯೇ ಆಧಾರ.

ಮೊದಲ ದಿನಗಳಲ್ಲಿ ಯಾವ ಮೇಲ್ ಸರ್ವರೂ ತನ್ನ ಬಳಿಗೆ ಬಂದ ಪತ್ರವನ್ನು ನಿರಾಕರಿಸುತ್ತಿರಲಿಲ್ಲ. ಪತ್ರ ತನ್ನವರಿಂದ ಬಂದದ್ದೋ, ತನ್ನವರಿಗೆ ಹೋಗಬೇಕಾದದ್ದೋ ಎಂಬ ವಿಚಾರಣೆ ಇರಲಿಲ್ಲ. ಎಲ್ಲಿಂದಲೋ ಬಂದು ಇನ್ನೆಲ್ಲಿಗೋ ಹೋಗಬೇಕಾದ ಪತ್ರವನ್ನೂ ದಾರಿಯ ಸರ್ವರುಗಳು ಮುಂದಕ್ಕೆ ಸಾಗಿಸುತ್ತಿದ್ದವು. ಇದು ಅಜಾಗರೂಕತೆಯಾಗಿರಲಿಲ್ಲ, ಸೌಜನ್ಯವಾಗಿತ್ತು. ಆಗ ಜಾಲದಲ್ಲಿದ್ದ ಯಂತ್ರಗಳು ಕೆಲವೇ; ಅವುಗಳ ಮೇಲ್ವಿಚಾರಕರು ಹೆಚ್ಚುಕಡಮೆ ಒಬ್ಬರಿಗೊಬ್ಬರು ಪರಿಚಿತರು. ಸಂಪರ್ಕಗಳು ಆಗಾಗ್ಗೆ ಕಡಿದುಹೋಗುತ್ತಿದ್ದುದರಿಂದ, ನೇರವಾಗಿ ತಲುಪದ ಪತ್ರವನ್ನು ನೆರೆಯ ಯಂತ್ರ ತನ್ನ ದಾರಿಯಿಂದ ಕಳುಹಿಸಿಕೊಡುತ್ತಿತ್ತು. ಹಳ್ಳಿಯ ಜಗಲಿಯಲ್ಲಿ ದಾರಿಹೋಕನಿಗೆ ರಾತ್ರಿ ತಂಗಲು ಎಡೆ ಕೊಡುತ್ತಿದ್ದಂತೆಯೇ ಇದು. ಹೀಗೆ ಯಾರು, ಎಲ್ಲಿಂದ, ಯಾರಿಗೆ ಎಂದು ಕೇಳದೆ ಸಕಲರ ಪತ್ರವನ್ನೂ ಸಕಲರಿಗೂ ದಾಟಿಸುವ ಸರ್ವರಿಗೆ 'ಓಪನ್ ರಿಲೇ' ಎನ್ನುತ್ತಾರೆ. ಬಾಗಿಲು ತೆರೆದೇ ಇಟ್ಟ ಅಂಚೆಮನೆ ಎಂದು ಅದನ್ನು ತಿಳಿಯಬಹುದು.

ಜಗಲಿಯಲ್ಲಿ ತಂಗುವವರೆಲ್ಲರೂ ಸಜ್ಜನರಾಗಿರುವುದಿಲ್ಲ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಗಣಕಯಂತ್ರ ಸಂಸ್ಥೆಯೊಂದರ ಮಾರಾಟಗಾರ ಗ್ಯಾರಿ ಥರ್ಕ್, ತನ್ನ ಸಂಸ್ಥೆಯ ಹೊಸ ಯಂತ್ರಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿದ. ಕೇಳದೆ ಬಂದ ಆ ಪತ್ರದಿಂದ ಹಲವರು ಕೋಪಗೊಂಡರು. ಇಂಥ ಪತ್ರಗಳಿಗೆ 'ಸ್ಪ್ಯಾಮ್' ಎಂಬ ಹೆಸರು ಬಂದದ್ದು ಆಮೇಲೆ. 1990ರ ದಶಕದಲ್ಲಿ ಜಾಲ ವಾಣಿಜ್ಯಕ್ಕೆ ತೆರೆದುಕೊಂಡಾಗ, ಲಕ್ಷಾಂತರ ಮಂದಿಗೆ ಜಾಹೀರಾತು ಕಳುಹಿಸಲು ಬಯಸುವ ವ್ಯಾಪಾರಿಗಳಿಗೆ ಓಪನ್ ರಿಲೇ ಒಂದು ವರವಾಗಿ ಕಂಡಿತು.

ಅದು ಹೇಗೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಪತ್ರದ ಗಾತ್ರ 10 ಕಿಲೋಬೈಟ್ ಇರಲಿ. ಅದನ್ನು 1 ಲಕ್ಷ ಮಂದಿಗೆ ಕಳುಹಿಸಬೇಕಾಗಿರಲಿ. ಪೋಸ್ಟೆಲ್ ಬರೆದ ನಿಯಮದಂತೆ ಒಂದೇ ಪತ್ರದ ಲಕೋಟೆಯ ಮೇಲೆ ಕನಿಷ್ಠ 100 ವಿಳಾಸಗಳನ್ನಾದರೂ ಸರ್ವರು ಒಪ್ಪಿಕೊಳ್ಳಬೇಕು. ಆದುದರಿಂದ ವ್ಯಾಪಾರಿ ತೆರೆದ ಸರ್ವರೊಂದಕ್ಕೆ 1000 ಪತ್ರಗಳನ್ನು ಒಪ್ಪಿಸಿದರೆ ಸಾಕು. ಅವನಿಗೆ ತಗಲುವ ಹೊರೆ 10 ಮೆಗಾಬೈಟ್. ಆ ಬಡ ಸರ್ವರಾದರೋ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಪತ್ರ ಮುಟ್ಟಿಸಬೇಕಾಗಿ ಬಂದರೆ 1 ಲಕ್ಷ ಪ್ರತಿಗಳನ್ನು, ಅಂದರೆ ಸುಮಾರು 1000 ಮೆಗಾಬೈಟುಗಳಷ್ಟನ್ನು, ಸಾಗಿಸಬೇಕು. ವ್ಯಾಪಾರಿ ಒಂದು ರೂಪಾಯಿ ವೆಚ್ಚ ಮಾಡಿದಲ್ಲಿ ಸರ್ವರಿನ ಒಡೆಯ ನೂರು ರೂಪಾಯಿ ತೆತ್ತಂತೆ. ಇದರ ಮೇಲೆ, ಪತ್ರ ಪಡೆದವರಿಗೆ ಕಾಣುವುದು ಸರ್ವರಿನ ಮುದ್ರೆ. ವ್ಯಾಪಾರಿ ಮರೆಯಲ್ಲಿಯೇ ಉಳಿಯುತ್ತಾನೆ.

ಇಂಥ ಸರ್ವರುಗಳ ವಿರುದ್ಧ ಜಾಲದ ಜನ ಸುಮ್ಮನಿರಲಿಲ್ಲ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಅವನ ಸಂಗಡಿಗರು ಸ್ಪ್ಯಾಮಿಗೆ ಎಡೆಗೊಡುವ ಯಂತ್ರಗಳ ಪಟ್ಟಿಯೊಂದನ್ನು ತಯಾರಿಸಿ, ಬೇಕಾದವರು ಅದನ್ನು ನೋಡಿಕೊಳ್ಳುವಂತೆ ಮಾಡಿದರು. ಕಪ್ಪುಪಟ್ಟಿ ಎಂದು ಕರೆಯುವ ಇಂಥ ಪಟ್ಟಿಗಳು ಮುಂದೆ ಹಲವಾದವು. ಪತ್ರವೊಂದು ಬಂದಾಗ, ತಂದ ಯಂತ್ರದ ಸಂಖ್ಯೆ ಪಟ್ಟಿಯಲ್ಲಿದೆಯೇ ಎಂದು ಪಡೆಯುವ ಸರ್ವರು ಕ್ಷಣಾರ್ಧದಲ್ಲಿ ವಿಚಾರಿಸುತ್ತದೆ. ಇದ್ದರೆ ಪತ್ರವನ್ನು ಬಾಗಿಲಿನಲ್ಲಿಯೇ ನಿಲ್ಲಿಸುತ್ತದೆ. 1998ರಲ್ಲಿ, ಆ ಕಾಲದಲ್ಲಿ ಅತ್ಯಂತ ಬಳಕೆಯಲ್ಲಿದ್ದ 'ಸೆಂಡ್‌ಮೇಲ್' ಎಂಬ ಮೇಲ್ ಸರ್ವರ್ ತಂತ್ರಾಂಶ ತನ್ನ ಹೊಸ ಆವೃತ್ತಿಯಲ್ಲಿ ಪರರ ಪತ್ರ ದಾಟಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಬೇಕೆಂದವರು ಮಾತ್ರ ಬಾಗಿಲು ತೆರೆಯಬೇಕು, ಇಲ್ಲವಾದರೆ ಮುಚ್ಚಿಯೇ ಇರುತ್ತದೆ ಎಂಬ ಈ ಬದಲಾವಣೆ ಚಿಕ್ಕದಾಗಿ ಕಂಡರೂ ಜಾಲದ ಚರಿತ್ರೆಯಲ್ಲಿ ದೊಡ್ಡದು. ಮರುವರ್ಷದ ಫೆಬ್ರವರಿಯಲ್ಲಿ ಪ್ರಕಟವಾದ ಶಿಫಾರಸು ಪತ್ರವೊಂದು ಇದನ್ನೇ ಎಲ್ಲ ಸರ್ವರುಗಳಿಗೂ ವಿಧಿಸಿತು.

ಹಾಗಾದರೆ ಈಗ ಈ ವಿಷಯ ಮುಗಿದಂತೆಯೇ? ಅಲ್ಲ. ತಂತ್ರಾಂಶ ತಾನಾಗಿ ಮುಚ್ಚಿದ ಬಾಗಿಲನ್ನು ಮನುಷ್ಯನ ಕೈ ತಿಳಿಯದೆ ತೆರೆಯಬಲ್ಲದು. ತೆರಕಣಾಂಬಿಯಂಥ ಊರಿನಲ್ಲಿ ಅರಿಸಿನ ಬೆಳೆಗಾರರ ಸಹಕಾರ ಸಂಘವೊಂದಿದ್ದು, ಅದು ತನ್ನದೇ ಮೇಲ್ ಸರ್ವರನ್ನು ಇರಿಸಿಕೊಂಡಿದೆ ಎಂದು ಕಲ್ಪಿಸಿಕೊಳ್ಳಬಹುದು. ಈ ಸೀಮೆಯ ಅರಿಸಿನ ತಮಿಳುನಾಡಿನ ಈರೋಡಿನ ಮಾರುಕಟ್ಟೆಗೂ ಹೋಗುತ್ತದೆ. ಸಂಘದ ಕಾರ್ಯದರ್ಶಿ ಅಲ್ಲಿನ ವರ್ತಕರಿಗೆ ಮಾಲಿನ ತೂಕ, ಧಾರಣೆ, ಹರಾಜಿನ ದಿನ ಇವುಗಳನ್ನು ಬರೆದು ತಿಳಿಸಬೇಕು. ಒಂದು ದಿನ ಅವನ ಪತ್ರಗಳೆಲ್ಲ ಹಿಂದಿರುಗಿ ಬರತೊಡಗುತ್ತವೆ. ಪ್ರತಿಯೊಂದರ ಮೇಲೂ ಒಂದೇ ಒಕ್ಕಣೆ: ನಿಮ್ಮ ಯಂತ್ರ ಕಪ್ಪುಪಟ್ಟಿಯಲ್ಲಿದೆ. ಕಾರ್ಯದರ್ಶಿ ಯಾರಿಗೂ ಕೆಟ್ಟ ಪತ್ರ ಬರೆದವನಲ್ಲ. ಆದರೆ ರಾತ್ರಿಯೆಲ್ಲ ಅವನ ಸರ್ವರು ಯಾವ ದೇಶದವರದೋ ಔಷಧಿಯ ಜಾಹೀರಾತನ್ನು ಯಾವ ದೇಶಕ್ಕೋ ದಾಟಿಸುತ್ತಿತ್ತು. ಅರಿಸಿನ ಬೆಳೆದವನಿಗೆ ಓಪನ್ ರಿಲೇ ಎಂಬ ಮಾತೇ ತಿಳಿಯದು. ಆದರೂ ಅದರ ದಂಡವನ್ನು ತೆರುವವನು ಅವನೇ.

ಆದುದರಿಂದ ಸರ್ವರನ್ನು ಇರಿಸಿಕೊಂಡವರು ಅದು ತೆರೆದಿದೆಯೋ ಮುಚ್ಚಿದೆಯೋ ಎಂದು ಪರೀಕ್ಷಿಸಿ ನೋಡಬೇಕು. ಪರೀಕ್ಷೆಗೆ ಮೊದಲು, ಮೇಲ್ ಸರ್ವರಿನ ಬಾಗಿಲಿಗೆ ಯಾವ ಯಾವ ಪತ್ರಗಳು ಬರಬಹುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಸಂಘದವರು ಸಂಘದವರಿಗೇ ಬರೆಯಬಹುದು, ಅದರಲ್ಲಿ ತೊಡಕಿಲ್ಲ. ಸಂಘದವರು ಹೊರಗಿನವರಿಗೆ ಬರೆಯಬಹುದು. ಸರ್ವರು ಇರುವುದೇ ಅದಕ್ಕಾಗಿ. ಹೊರಗಿನವರು ಸಂಘದವರಿಗೆ ಬರೆಯಬಹುದು. ಇದನ್ನು ತಡೆದರೆ ಸಂಘಕ್ಕೆ ಯಾರ ಪತ್ರವೂ ಬಾರದು. ಉಳಿದದ್ದು ಒಂದೇ: ಹೊರಗಿನವನು ಹೊರಗಿನವನಿಗೇ ಬರೆದ ಪತ್ರ. ಅದಕ್ಕೂ ಈ ಸರ್ವರಿಗೂ ಯಾವ ಸಂಬಂಧವೂ ಇಲ್ಲ. ಅದನ್ನು ಒಪ್ಪಿಕೊಂಡರೆ ಸರ್ವರು ತೆರೆದದ್ದು, ನಿರಾಕರಿಸಿದರೆ ಮುಚ್ಚಿದ್ದು. ಇಡೀ ಪರೀಕ್ಷೆ ಈ ಒಂದು ಪತ್ರದ ಮೇಲೆ ನಿಂತಿದೆ.

ಪರೀಕ್ಷಿಸುವವನಿಗೆ ಆ ಸರ್ವರಿನ ಮೇಲೆ ಅಧಿಕಾರವಿರಬೇಕು, ಇಲ್ಲವೇ ಒಡೆಯನ ಅನುಮತಿಯಿರಬೇಕು. ಅನ್ಯರ ಮನೆಯ ಬಾಗಿಲಿಗೆ ಬೀಗ ಹಾಕಿದೆಯೇ ಎಂದು ರಾತ್ರಿಯಲ್ಲಿ ತಳ್ಳಿ ನೋಡುವವನ ಉದ್ದೇಶ ಒಳ್ಳೆಯದಿದ್ದರೂ ಮನೆಯವರು ಅವನನ್ನು ಕಳ್ಳನೆಂದೇ ಭಾವಿಸುತ್ತಾರೆ. ಪರರ ಗಣಕಯಂತ್ರವನ್ನು ಅನುಮತಿಯಿಲ್ಲದೆ ಬಳಸುವುದರ ಬಗೆಗೆ ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ (2000) ಕಟ್ಟುನಿಟ್ಟಾಗಿದೆ.

ಎರಡನೆಯ ಮಾತು, ಪರೀಕ್ಷೆಯನ್ನು ಹೊರಗಿನಿಂದ ಮಾಡಬೇಕು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಸಂಘದ ಕಚೇರಿಯಲ್ಲಿ ಕುಳಿತು, ಅಲ್ಲಿನ ಯಂತ್ರದಿಂದಲೇ ಪರೀಕ್ಷಿಸಿದರೆ ಸರ್ವರು ಪತ್ರವನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತದೆ. ಏಕೆಂದರೆ ಅದು ತನ್ನವರ ಪತ್ರ. ಇದನ್ನು ನೋಡಿ, ಬಾಗಿಲು ತೆರೆದಿದೆಯೆಂದು ಗಾಬರಿಪಡುವುದು ಮನೆಯೊಳಗೆ ಕುಳಿತು ಬಾಗಿಲು ತೆರೆಯಿತೆಂದು ಗಾಬರಿಪಟ್ಟಂತೆ. ಸಂಘದ ಜಾಲಕ್ಕೆ ಸೇರದ ಬೇರೊಂದು ಸ್ಥಳದಿಂದ, ಬೇರೊಂದು ಸಂಪರ್ಕದಿಂದ ಪ್ರಯತ್ನಿಸಬೇಕು. ಇಲ್ಲಿಯೂ ಒಂದು ತೊಡಕುಂಟು. ಸರ್ವರುಗಳು ಪರಸ್ಪರ ಪತ್ರ ದಾಟಿಸುವುದು 25ನೆಯ ಸಂಖ್ಯೆಯ ದ್ವಾರದ ಮೂಲಕ. ಮನೆಮನೆಗೆ ಸಂಪರ್ಕ ಕೊಡುವ ಅನೇಕ ಸಂಸ್ಥೆಗಳು ತಮ್ಮ ಗ್ರಾಹಕರು ಆ ದ್ವಾರದ ಕಡೆಗೆ ಹೋಗದಂತೆ ತಡೆದಿರುತ್ತವೆ. ಆಗ ಸಂಪರ್ಕವೇ ದೊರೆಯುವುದಿಲ್ಲ. ಸಂಪರ್ಕ ದೊರೆಯಲಿಲ್ಲವೆಂದರೆ ಸರ್ವರು ಭದ್ರವಾಗಿದೆ ಎಂದಲ್ಲ. ಪರೀಕ್ಷೆಯೇ ನಡೆಯಲಿಲ್ಲ ಎಂದು ಅರ್ಥ.

ಇನ್ನು ಪರೀಕ್ಷೆ. ಅದಕ್ಕೆ ಬೇಕಾದದ್ದು ಟೆಲ್ನೆಟ್ ಎಂಬ ಹಳೆಯ ತಂತ್ರಾಂಶ, ಸರ್ವರಿನ ಹೆಸರು, ಮತ್ತು ಪರೀಕ್ಷಕನದೇ ಆದ, ಆ ಸಂಘಕ್ಕೆ ಸೇರದ ಎರಡು ವಿಳಾಸಗಳು. ಟೆಲ್ನೆಟ್ಟಿನಿಂದ 25ನೆಯ ದ್ವಾರವನ್ನು ತಟ್ಟಿದೊಡನೆ ಸರ್ವರು '220' ಎಂಬ ಸಂಖ್ಯೆಯೊಡನೆ ತನ್ನ ಹೆಸರು ಹೇಳಿ ಸ್ವಾಗತಿಸುತ್ತದೆ. ಪರೀಕ್ಷಕನು 'ಹೆಲೊ' ಎಂದು ಹೇಳಿ ತನ್ನ ಯಂತ್ರದ ಹೆಸರು ತಿಳಿಸಬೇಕು. ಸರ್ವರು '250' ಎನ್ನುತ್ತದೆ. ಆಗಲಿ ಎಂದು ಅದರ ಅರ್ಥ. ಆಮೇಲೆ 'ಮೇಲ್ ಫ್ರಮ್' ಎಂದು ಬರೆದು, ತನ್ನ ಮೊದಲನೆಯ ವಿಳಾಸವನ್ನು ಕೊಡಬೇಕು. ಇದು ಲಕೋಟೆಯ ಹಿಂಬದಿಯಲ್ಲಿ ಬರೆಯುವ 'ಇಂದ' ಇದ್ದಂತೆ. ಇದಕ್ಕೂ ಸಾಮಾನ್ಯವಾಗಿ '250' ಎಂದೇ ಉತ್ತರ ಬರುತ್ತದೆ. ಈಗ ಮುಖ್ಯವಾದ ಪ್ರಶ್ನೆ: 'ಆರ್‌ಸಿಪಿಟಿ ಟು' ಎಂದು ಬರೆದು, ಎರಡನೆಯ ವಿಳಾಸವನ್ನು, ಅಂದರೆ ಸಂಘಕ್ಕೆ ಸೇರದ ಸ್ವೀಕೃತಿದಾರನ ವಿಳಾಸವನ್ನು ಕೊಡಬೇಕು. ಇಲ್ಲಿ ಒಂದು ನಿಮಿಷ ನಿಲ್ಲಬೇಕು.

ಸರ್ವರು '550' ಎಂದೋ '554' ಎಂದೋ ಉತ್ತರಿಸಿ, ದಾಟಿಸಲು ಅನುಮತಿಯಿಲ್ಲ ಎಂದು ಬರೆದರೆ ಬಾಗಿಲು ಮುಚ್ಚಿದೆ. ಐದರಿಂದ ಆರಂಭವಾಗುವ ಸಂಖ್ಯೆಗಳು ಶಾಶ್ವತ ನಿರಾಕರಣೆಯನ್ನು ಸೂಚಿಸುತ್ತವೆ. ನಾಲ್ಕರಿಂದ ಆರಂಭವಾಗುವ '450' ಅಥವಾ '451' ಬಂದರೆ, ಈಗ ಬೇಡ, ಆಮೇಲೆ ಬಾ ಎಂದು ಅರ್ಥ. ಗುರುತಿಲ್ಲದವರನ್ನು ಮೊದಲ ಬಾರಿ ಹಿಂದಕ್ಕೆ ಕಳುಹಿಸುವುದು ಕೆಲವು ಸರ್ವರುಗಳ ರೂಢಿ. ನಿಜವಾದ ಸರ್ವರಾದರೆ ಮತ್ತೆ ಬರುತ್ತದೆ, ಸ್ಪ್ಯಾಮ್ ಕಳುಹಿಸುವವನಿಗೆ ಅಷ್ಟು ತಾಳ್ಮೆಯಿಲ್ಲ ಎಂಬುದು ಅದರ ತರ್ಕ. ಈ ಉತ್ತರದಿಂದ ಯಾವ ತೀರ್ಮಾನಕ್ಕೂ ಬಾರದೆ ಸ್ವಲ್ಪ ಹೊತ್ತಿನ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಬೇಕು.

'250' ಎಂದು ಬಂದರೆ? ತೆರೆದಿರುವ ಸಂಶಯ ಬಲವಾಯಿತು, ಆದರೆ ಸಿದ್ಧವಾಗಲಿಲ್ಲ. ಕೆಲವು ಸರ್ವರುಗಳು ಬಾಗಿಲಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡು, ಒಳಗೆ ಹೋದ ಮೇಲೆ ಅನುಚಿತವಾದುದನ್ನು ಕಸದ ಬುಟ್ಟಿಗೆ ಹಾಕುತ್ತವೆ. ಆದುದರಿಂದ ಪರೀಕ್ಷೆಯನ್ನು ಕೊನೆಯವರೆಗೂ ನಡೆಸಬೇಕು. 'ಡೇಟಾ' ಎಂದು ಬರೆದರೆ ಸರ್ವರು '354' ಎಂದು ಹೇಳಿ ಪತ್ರದ ಒಕ್ಕಣೆಗಾಗಿ ಕಾಯುತ್ತದೆ. ಇದು ಪರೀಕ್ಷೆಯ ಪತ್ರ ಎಂದು ಒಂದು ಸಾಲು ಬರೆದು, ಒಂಟಿ ಸಾಲಿನಲ್ಲಿ ಒಂದು ಚುಕ್ಕೆಯನ್ನಿಟ್ಟರೆ ಪತ್ರ ಮುಗಿಯಿತು. 'ಕ್ವಿಟ್' ಎಂದರೆ ಸರ್ವರು '221' ಎಂದು ಬೀಳ್ಕೊಡುತ್ತದೆ. ಈಗ ಎರಡನೆಯ ವಿಳಾಸದ ಪೆಟ್ಟಿಗೆಯನ್ನು ತೆರೆದು ಕಾಯಬೇಕು. ಪತ್ರ ಬಂದರೆ, ಅನುಮಾನಕ್ಕೆ ಎಡೆಯಿಲ್ಲ. ಸರ್ವರು ಓಪನ್ ರಿಲೇ.

ಬಂದ ಪತ್ರವನ್ನು ಎಸೆಯಬಾರದು. ಅದರ ತಲೆಬರಹವನ್ನು ಬಿಡಿಸಿ ಓದಬೇಕು. ಕಾಗದದ ಲಕೋಟೆಯ ಮೇಲೆ ದಾರಿಯ ಅಂಚೆಮನೆಗಳು ಒತ್ತುವ ಮುದ್ರೆಗಳಂತೆ, ಮಿಂಚಂಚೆಯ ತಲೆಯಲ್ಲಿ ಪ್ರತಿಯೊಂದು ಸರ್ವರೂ 'ರಿಸೀವ್ಡ್' ಎಂಬ ಸಾಲೊಂದನ್ನು ಬರೆಯುತ್ತದೆ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಪತ್ರ ನಡೆದುಬಂದ ಹಾದಿ ತಿಳಿಯುತ್ತದೆ. ಪರೀಕ್ಷಕನ ಯಂತ್ರದ ಸಂಖ್ಯೆ, ಅದರ ಮೇಲೆ ಸಂಘದ ಸರ್ವರಿನ ಹೆಸರು, ಅದರ ಮೇಲೆ ಸ್ವೀಕರಿಸಿದ ಸರ್ವರಿನ ಹೆಸರು ಸಾಲಾಗಿ ಕಂಡರೆ, ಪತ್ರವನ್ನು ದಾಟಿಸಿದವರು ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲ ಪ್ರಯತ್ನಕ್ಕೆ ಸರ್ವರು ನಿರಾಕರಿಸಿತೆಂದು ಸಮಾಧಾನಪಟ್ಟು ಎದ್ದುಬಿಡುವಂತಿಲ್ಲ. ಕಳ್ಳನು ಮುಂಬಾಗಿಲನ್ನು ಒಂದು ಬಾರಿ ತಳ್ಳಿ ಹಿಂದಿರುಗುವವನಲ್ಲ. 'ಇಂದ' ಎಂಬಲ್ಲಿ ಸಂಘದವರೇ ಆದ ಯಾರದಾದರೂ ವಿಳಾಸವನ್ನು ಬರೆದು ನೋಡಬೇಕು. ಅರಿಯದ ಮೇಲ್ವಿಚಾರಕನು, ತಮ್ಮವರ ಹೆಸರಿನಲ್ಲಿ ಬಂದ ಪತ್ರವನ್ನೆಲ್ಲ ದಾಟಿಸು ಎಂದು ಅಪ್ಪಣೆ ಕೊಟ್ಟಿರುವುದುಂಟು. ಲಕೋಟೆಯ ಮೇಲೆ ಯಾವ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಬರೆಯಬಹುದೆಂಬುದನ್ನು ಅವನು ಮರೆತಿರುತ್ತಾನೆ. 'ಇಂದ' ಎಂಬುದನ್ನು ಖಾಲಿ ಬಿಟ್ಟೂ ನೋಡಬೇಕು; ತಲುಪದೆ ಹಿಂದಿರುಗುವ ಪತ್ರಗಳಿಗೆ ಖಾಲಿ 'ಇಂದ' ಇರುವುದು ನಿಯಮವಾದುದರಿಂದ, ಅದನ್ನು ಕಂಡು ಸರ್ವರು ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು. ಹಳೆಯ ಕಾಲದ ವಿಳಾಸ ಕ್ರಮವೊಂದಿದೆ. ನಿಜವಾದ ವಿಳಾಸದ 'ಅಟ್' ಚಿಹ್ನೆಗೆ ಬದಲಾಗಿ ಶೇಕಡಾ ಚಿಹ್ನೆಯನ್ನು ಹಾಕಿ, ಅದರ ಬಾಲಕ್ಕೆ 'ಅಟ್' ಹಾಗೂ ಸಂಘದ ಸರ್ವರಿನ ಹೆಸರನ್ನು ಅಂಟಿಸುವುದು. ಮೇಲುನೋಟಕ್ಕೆ ಪತ್ರ ಸಂಘದವರಿಗೇ ಬಂದಂತಿರುತ್ತದೆ. ಸರ್ವರು ಬಾಲವನ್ನು ಕತ್ತರಿಸಿ, ಉಳಿದದ್ದನ್ನು ಹೊರಗಿನ ವಿಳಾಸವೆಂದು ಬಗೆದು ಸಾಗಿಸಿಬಿಡುತ್ತದೆ. ಒಂದು ಕಾಲದಲ್ಲಿ ಬೇರೆಬೇರೆ ಜಾಲಗಳನ್ನು ಜೋಡಿಸಲು ಈ ಕ್ರಮ ಬೇಕಾಗಿತ್ತು. ಅವಶ್ಯಕತೆ ಹೋದರೂ ಕಿಂಡಿ ಕೆಲವೆಡೆ ಉಳಿದುಕೊಂಡಿತು.

ಈ ಪರೀಕ್ಷೆಗಳನ್ನು ಒಂದೊಂದಾಗಿ ತಾನೇ ನಡೆಸಿ ವರದಿ ಕೊಡುವ ಸಾಧನಗಳೂ ಇವೆ. ಆದರೆ ಅವುಗಳ ವರದಿಯನ್ನು ಓದಿ ತಿಳಿಯಬೇಕಾದರೂ ಕೈಯಿಂದ ಒಮ್ಮೆ ಮಾಡಿ ನೋಡಿರುವುದು ಮೇಲು.

ಬಾಗಿಲು ಹೇಗೆ ತೆರೆದುಕೊಂಡಿತೆಂಬುದನ್ನು ಹುಡುಕಹೊರಟರೆ ಬಹುಮಟ್ಟಿಗೆ ಎರಡು ಕಾರಣಗಳಲ್ಲಿ ಒಂದು ಸಿಗುತ್ತದೆ. ಮೇಲ್ ಸರ್ವರಿನಲ್ಲಿ 'ನಂಬಬಹುದಾದ ಯಂತ್ರಗಳು' ಎಂಬ ಪಟ್ಟಿಯಿರುತ್ತದೆ. ಕಚೇರಿಯ ಯಂತ್ರವೊಂದರಿಂದ ಪತ್ರ ಹೋಗದಿದ್ದಾಗ, ಆತುರಪಟ್ಟ ಮೇಲ್ವಿಚಾರಕನು ಆ ಒಂದು ಸಂಖ್ಯೆಯನ್ನು ಸೇರಿಸುವುದರ ಬದಲು ಜಗತ್ತಿನ ಎಲ್ಲ ಸಂಖ್ಯೆಗಳನ್ನೂ ಒಳಗೊಳ್ಳುವ ಸಾಲನ್ನು ಬರೆದುಬಿಡುತ್ತಾನೆ. ಪತ್ರ ಹೋಗುತ್ತದೆ, ಅವನು ನಿಶ್ಚಿಂತನಾಗುತ್ತಾನೆ. ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮ. ಸರ್ವರಿನ ಮುಂದೆ ಒಂದು ರೂಟರ್ ಇದ್ದು, ಹೊರಗಿನಿಂದ ಬಂದ ಎಲ್ಲರನ್ನೂ ತನ್ನ ಹೆಸರಿನಲ್ಲಿಯೇ ಒಳಗೆ ಕಳುಹಿಸುವ ಕ್ರಮವಿದ್ದರೆ, ಸರ್ವರಿಗೆ ಬಂದವರೆಲ್ಲರೂ ಮನೆಯವರಾಗಿಯೇ ಕಾಣುತ್ತಾರೆ. ಕಾವಲುಗಾರನೇ ಪ್ರತಿಯೊಬ್ಬ ಅಪರಿಚಿತನಿಗೂ ತನ್ನ ಕಂಬಳಿ ಹೊದಿಸಿ ಒಳಗೆ ಬಿಟ್ಟಂತೆ. ಪಟ್ಟಿಯನ್ನು ಎಷ್ಟು ನೋಡಿದರೂ ತಪ್ಪು ಕಾಣಿಸದು. ಸರ್ವರಿನ ದಿನಚರಿಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕನ ಸಂಖ್ಯೆಗೆ ಬದಲಾಗಿ ರೂಟರಿನ ಸಂಖ್ಯೆ ಬರೆದಿರುವುದನ್ನು ಕಂಡಾಗ ಮಾತ್ರ ಮರ್ಮ ತಿಳಿಯುತ್ತದೆ.

ಹಾಗಾದರೆ ಊರು ಬಿಟ್ಟು ಹೋದ ಸಂಘದ ಸದಸ್ಯನೊಬ್ಬ ಬೆಂಗಳೂರಿನಿಂದ ಸಂಘದ ಸರ್ವರಿನ ಮೂಲಕ ಪತ್ರ ಕಳುಹಿಸಬೇಕಾದರೆ ಏನು ಮಾಡಬೇಕು? ಅವನಿಗಾಗಿಯೇ 587ನೆಯ ದ್ವಾರ ಏರ್ಪಟ್ಟಿದೆ. ಅಲ್ಲಿ ಹೆಸರು ಮತ್ತು ಗುಪ್ತಪದವನ್ನು ಹೇಳಿದವರ ಪತ್ರವನ್ನು ಮಾತ್ರ ಸರ್ವರು ದಾಟಿಸುತ್ತದೆ. ಇಲ್ಲಿಯೂ ಎಚ್ಚರ ಬೇಕು. ಒಬ್ಬ ಸದಸ್ಯ ತನ್ನ ಹೆಸರನ್ನೇ ಗುಪ್ತಪದವನ್ನಾಗಿ ಇಟ್ಟುಕೊಂಡಿದ್ದರೆ, ಅದನ್ನು ಊಹಿಸಿದವನ ಪಾಲಿಗೆ ಆ ಸರ್ವರು ಓಪನ್ ರಿಲೇಯೇ ಸರಿ. ಮೇಲೆ ಹೇಳಿದ ಯಾವ ಪರೀಕ್ಷೆಯೂ ಇದನ್ನು ತೋರಿಸಲಾರದು.

ಎಲ್ಲರೂ ಬಾಗಿಲು ಮುಚ್ಚಬೇಕೆಂಬುದನ್ನು ಒಪ್ಪದ ಬುದ್ಧಿವಂತರೂ ಇದ್ದರು. ಅಮೆರಿಕದ ಜಾನ್ ಗಿಲ್ಮೋರ್ ಅವರಲ್ಲೊಬ್ಬ. ಜಾಲದಲ್ಲಿ ನಾಗರಿಕರ ಹಕ್ಕುಗಳಿಗಾಗಿ 1990ರಲ್ಲಿ ಆರಂಭವಾದ ಸಂಸ್ಥೆಯೊಂದರ ಸ್ಥಾಪಕರಲ್ಲಿ ಒಬ್ಬನಾದ ಅವನು, ಪ್ರವಾಸದಲ್ಲಿರುವ ತನ್ನ ಗೆಳೆಯರ ಅನುಕೂಲಕ್ಕಾಗಿ ಸರ್ವರನ್ನು ಉದ್ದೇಶಪೂರ್ವಕವಾಗಿ ತೆರೆದಿಟ್ಟಿದ್ದ. ಕೆಲವರು ದುರುಪಯೋಗ ಮಾಡುತ್ತಾರೆಂದು ಎಲ್ಲರ ಬಾಯಿಗೆ ಬೀಗ ಹಾಕುವುದು ಸರಿಯೇ ಎಂಬುದು ಅವನ ವಾದ. 2001ರಲ್ಲಿ, ಅವನಿಗೆ ಸಂಪರ್ಕ ಒದಗಿಸುತ್ತಿದ್ದ ಸಂಸ್ಥೆ ಈ ಕಾರಣಕ್ಕಾಗಿ ಅವನ ಮೇಲೆ ನಿರ್ಬಂಧ ಹಾಕಿತು. ಅವನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಪ್ಪುಪಟ್ಟಿ ಬರೆಯುವವರು ಯಾರ ಚುನಾವಣೆಯಿಂದಲೂ ಬಂದವರಲ್ಲ. ಅವರ ತಪ್ಪಿಗೆ ನಿರಪರಾಧಿಗಳು ಗುರಿಯಾದದ್ದುಂಟು. ಓಪನ್ ರಿಲೇಗಳನ್ನೇ ಹುಡುಕಿ ಪಟ್ಟಿ ಮಾಡುತ್ತಿದ್ದ ಓಆರ್‌ಡಿಬಿ ಎಂಬ ಸೇವೆ 2006ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. ಅಷ್ಟು ಹೊತ್ತಿಗೆ ಸ್ಪ್ಯಾಮ್ ಕಳುಹಿಸುವವರು, ಸೋಂಕು ತಗಲಿಸಿದ ಮನೆಮನೆಯ ಗಣಕಯಂತ್ರಗಳನ್ನೇ ಹೆಚ್ಚಾಗಿ ಬಳಸತೊಡಗಿದ್ದರು. ಸೇವೆ ನಿಂತ ಮೇಲೂ ಅನೇಕ ಸರ್ವರುಗಳು ಅಭ್ಯಾಸಬಲದಿಂದ ಅದನ್ನೇ ವಿಚಾರಿಸುತ್ತಿದ್ದವು. 2008ರ ಮಾರ್ಚಿನಲ್ಲಿ ಅದು, ಕೇಳಿದ ಪ್ರತಿಯೊಂದು ಯಂತ್ರವೂ ಪಟ್ಟಿಯಲ್ಲಿದೆ ಎಂದು ಉತ್ತರಿಸತೊಡಗಿತು. ಆ ಸರ್ವರುಗಳಿಗೆ ಬರುತ್ತಿದ್ದ ಪತ್ರಗಳೆಲ್ಲ ಬಾಗಿಲಿನಲ್ಲಿಯೇ ನಿಂತವು. ಆದರೂ ಗಿಲ್ಮೋರನ ಗೆಳೆಯರಿಗೆ ಗುಪ್ತಪದದ ದಾರಿಯಿತ್ತು. ಜಾಹೀರಾತಿನ ಹೊರೆ ಹೊತ್ತ ಲಕ್ಷಾಂತರ ಮಂದಿಗೆ ಬೇರೆ ದಾರಿಯಿರಲಿಲ್ಲ. ತಕ್ಕಡಿ ಯಾವ ಕಡೆಗೆ ತೂಗುತ್ತದೆಂಬುದು ಇದರಿಂದ ಕಾಣುತ್ತದೆ.

ತೆರಕಣಾಂಬಿಯ ಸಂಘದ ಕಲ್ಪಿತ ಸರ್ವರಿಗೆ ಹಿಂದಿರುಗುವುದಾದರೆ, ಕಾರಣವನ್ನು ಪತ್ತೆಹಚ್ಚಿ ಸರಿಪಡಿಸಿದ ಮೇಲೆ ಎಲ್ಲ ಪರೀಕ್ಷೆಗಳನ್ನೂ ಹೊರಗಿನಿಂದ ಮೊದಲಿನಿಂದ ಮಾಡಬೇಕು. ಸರ್ವರಿನ ಸರದಿಯಲ್ಲಿ ಇನ್ನೂ ಸಾಗದೆ ನಿಂತಿರುವ ಜಾಹೀರಾತುಗಳನ್ನು ತೆಗೆದುಹಾಕಬೇಕು. ಇಲ್ಲವಾದರೆ ಬಾಗಿಲು ಮುಚ್ಚಿದ ಮೇಲೂ ಅವು ನಾಲ್ಕೈದು ದಿನ ಹೊರಗೆ ಹೋಗುತ್ತಲೇ ಇರುತ್ತವೆ. ಆಮೇಲೆ ಕಪ್ಪುಪಟ್ಟಿಯವರಿಗೆ ವಿಷಯ ತಿಳಿಸಿ, ಹೆಸರು ತೆಗೆಯುವಂತೆ ಕೇಳಿಕೊಳ್ಳಬೇಕು. ಅವರು ತಮ್ಮ ಪರೀಕ್ಷೆ ನಡೆಸಿ ಒಪ್ಪಿದ ಮೇಲೆ ಹೆಸರು ಹೋಗುತ್ತದೆ. ಪಟ್ಟಿಗಳು ಹಲವಿದ್ದರೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಕೇಳಬೇಕು. ದಿನಚರಿಯಲ್ಲಿ '554' ಎಂಬ ಸಾಲುಗಳು ಮುಂದೆಯೂ ಕಾಣಿಸಿಕೊಳ್ಳುತ್ತವೆ. ಒಮ್ಮೆ ತೆರೆದಿದ್ದ ಬಾಗಿಲನ್ನು ತಟ್ಟುವವರು ಅಷ್ಟು ಬೇಗ ಮರೆಯುವುದಿಲ್ಲ. ಈರೋಡಿನಿಂದ ನಿರಾಕೃತವಾಗಿ ಹಿಂದಿರುಗಿದ ಪತ್ರಗಳು ತಾವಾಗಿಯೇ ಮತ್ತೆ ಹೋಗುವುದಿಲ್ಲ. ಕಾರ್ಯದರ್ಶಿ ಅವನ್ನೆಲ್ಲ ಹೊಸದಾಗಿ ಬರೆದು ಕಳುಹಿಸಬೇಕು. ಅಷ್ಟರಲ್ಲಿ ಹರಾಜಿನ ದಿನ ಕಳೆದುಹೋಗಿದ್ದರೆ, ಅರಿಸಿನದ ಮೂಟೆಗಳು ಮುಂದಿನ ಹರಾಜಿನವರೆಗೆ ಉಗ್ರಾಣದಲ್ಲಿಯೇ ಇರಬೇಕಾಗುತ್ತದೆ.